ಲಾಭ, ಎರಡು, ಮೂರು

ಗಣಿತ ಕಲಿಸುವವರಿಗೆ ಒಂದು ಕಾಯಿಲೆ ಇರುತ್ತದೆ. ಲೆಕ್ಕ ಸರಿ ಬಂದರೆ ಲೋಕವೂ ತಾನಾಗಿ ಸರಿಹೋಗುತ್ತದೆ ಎಂದು ಒಳಗೊಳಗೇ ನಂಬಿರುತ್ತಾರೆ. ಬಾಯಿಬಿಟ್ಟು ಹೇಳುವುದಿಲ್ಲ, ಹೇಳಿದರೆ ಜನ ನಗುತ್ತಾರೆಂದು ಗೊತ್ತು. ನನಗೂ ಆ ಕಾಯಿಲೆ ಇತ್ತು. ತೊಂಬತ್ತರ ದಶಕದ ನಡುವೆ ಒಂದು ಸುಗ್ಗಿಯಲ್ಲಿ ಅದು ವಿಪರೀತಕ್ಕೆ ಹೋಯಿತು, ಮುಂದಿನ ಸುಗ್ಗಿಯಲ್ಲಿ ಪೂರ್ತಿ ವಾಸಿಯಾಯಿತು. ವಾಸಿಯಾಯಿತಲ್ಲ ಎಂದು ಸಂತೋಷಪಡುವ ಹಾಗಿಲ್ಲ.

ಆಗ ನಾನು ಪಾಂಡವಪುರದ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಟೀಚರು. ತರಗತಿ ತುಂಬ ಮಕ್ಕಳು, ಅರ್ಧ ಬಣ್ಣ ಹೋದ ಕಪ್ಪುಹಲಗೆ, ಸೀರೆಯ ಮೇಲೆಲ್ಲ ಸೀಮೆಸುಣ್ಣ. ಘನಫಲದ ಸೂತ್ರವನ್ನು ನಿದ್ದೆಗಣ್ಣಿನಲ್ಲೂ ಒಪ್ಪಿಸುತ್ತಿದ್ದ ಹುಡುಗಿಯನ್ನು ಎಬ್ಬಿಸಿ, ನಿಮ್ಮ ಮನೆ ನೀರಿನ ತೊಟ್ಟಿಗೆ ಎಷ್ಟು ಕೊಡ ಹಿಡಿಯುತ್ತೆ ಎಂದು ಕೇಳಿದರೆ ಪಕ್ಕದವಳ ಮುಖ ನೋಡುತ್ತಿದ್ದಳು. ದಿನಾ ಬೆಳಿಗ್ಗೆ ಆ ತೊಟ್ಟಿ ತುಂಬಿಸಿಯೇ ಶಾಲೆಗೆ ಬರುತ್ತಿದ್ದವಳು ಅವಳೇ. ಲೆಕ್ಕವೆಂದರೆ ಪರೀಕ್ಷೆಗೆ ಮುಂಚೆ ಬಂದು ಪರೀಕ್ಷೆ ಮುಗಿದ ಮೇಲೆ ಬಿಟ್ಟುಹೋಗುವ ಜ್ವರ ಎಂದು ಮಕ್ಕಳಿಗೆ ಕಲಿಸಿದವರು ನಾವೇ. ಸ್ಟಾಫ್ ರೂಮಿನಲ್ಲಿ ಈ ಮಾತು ತೆಗೆದರೆ ಮಿಕ್ಕ ಮೇಷ್ಟರುಗಳು ಟೀ ಆರಿಹೋಗುತ್ತೆ ಕುಡೀರಿ ಮೇಡಂ ಎನ್ನುತ್ತಿದ್ದರು.

ಶ್ರೀರಂಗಪಟ್ಟಣದ ಕೋಟೆಯೊಳಗೆ ಒಂದು ಖಾಸಗಿ ಟ್ರಸ್ಟಿನವರು ಹಳೇ ತೊಟ್ಟಿಮನೆಯಲ್ಲಿ ಸಣ್ಣದೊಂದು ಮ್ಯೂಸಿಯಂ ನಡೆಸುತ್ತಿದ್ದರು. ತುಕ್ಕು ಹಿಡಿದ ಕತ್ತಿಗಳು, ಒಡೆದ ಪಿಂಗಾಣಿ, ಯಾರದೋ ಪೇಟ. ಹೊಳೆ ದಂಡೆಯಲ್ಲಿ ಅವರದೇ ಒಂದು ಪ್ರಕೃತಿ ಕೇಂದ್ರವೂ ಇತ್ತು. ಕೇಂದ್ರವೆಂದರೆ ಒಂದು ಹೆಂಚಿನ ಕೊಠಡಿ, ನಾಲ್ಕು ಬೆಂಚು, ಗೋಡೆ ತುಂಬ ಹಕ್ಕಿಗಳ ಚಿತ್ರ. ಚಳಿಗಾಲ ಬಂದರೆ ಶಾಲೆ ಮಕ್ಕಳನ್ನು ಬಸ್ಸಿನಲ್ಲಿ ತುಂಬಿಕೊಂಡು ಬಂದು ಎರಡೂ ಕಡೆ ಸಾಲಾಗಿ ನಡೆಸಿ, ಚಿತ್ರಾನ್ನ ತಿನ್ನಿಸಿ ವಾಪಸ್ಸು ಕರೆದುಕೊಂಡು ಹೋಗುತ್ತಿದ್ದರು. ಈ ಮಕ್ಕಳು ಹೇಗೂ ಬರುತ್ತಾರಲ್ಲ, ಇವರ ಕೈಗೆ ಲೆಕ್ಕ ಕೊಟ್ಟರೆ ಹೇಗೆ ಎಂದು ನನ್ನ ತಲೆಗೆ ಹೊಕ್ಕಿತು.

ಟ್ರಸ್ಟಿನ ಕಾರ್ಯದರ್ಶಿ ಮೈಸೂರಿನವರು, ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಬಿಳೀ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ನನ್ನ ಮಾತನ್ನು ಪೂರ್ತಿ ಕೇಳಿ, ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಂಡು ಹೇಳಿದರು.

"ಮೇಡಂ, ಮ್ಯೂಸಿಯಂ ಅಂದ್ರೆ ಜನ ಕೈ ಕಟ್ಟಿಕೊಂಡು ನೋಡೋ ಜಾಗ. ನೀವು ಮುಟ್ಟಿ ಅಂತೀರಿ."

"ಮುಟ್ಟದೇ ಇದ್ರೆ ಲೆಕ್ಕ ತಲೆಗೆ ಹೋಗಲ್ಲ ಸಾರ್."

"ಒಡೆದುಹಾಕಿದ್ರೆ?"

"ಒಡೆಯೋ ಸಾಮಾನು ಇಡಲ್ಲ."

ಅಳೆದೂ ಸುರಿದೂ ಕೊನೆಗೆ ಒಪ್ಪಿದರು. ಹಿಂದಿನ ಸಾಲಿನ ಒಂದು ಕೋಣೆ, ಒಂದೇ ಸೀಸನ್ನು. ಪರೀಕ್ಷೆ ಸಮಯಕ್ಕೆ ಟ್ರಸ್ಟಿನ ಮೀಟಿಂಗು. ಕೋಣೆಯನ್ನು ಕಾಯಂ ಮಾಡಬೇಕೋ ಮುಚ್ಚಬೇಕೋ ಎಂಬುದು ಅಲ್ಲಿ ತೀರ್ಮಾನ. ನಾನು ಇಲಾಖೆಯ ಆಫೀಸಿಗೆ ಅಲೆದು, ಚಪ್ಪಲಿ ಸವೆಸಿ, ವಾರದಲ್ಲಿ ಕೆಲವು ದಿನ ಶಾಲೆ ಬಿಟ್ಟು ಅಲ್ಲಿ ಕೆಲಸ ಮಾಡಲು ಓಓಡಿ, ಅಂದರೆ ಅನ್ಯಕಾರ್ಯದ ಆರ್ಡರು ಮಾಡಿಸಿಕೊಂಡೆ. ಕೋಣೆ ಉಳಿದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಮಕ್ಕಳು ವರ್ಷಕ್ಕೊಂದು ಸಲವಾದರೂ ಲೆಕ್ಕವನ್ನು ಕೈಯಲ್ಲಿ ಹಿಡಿದು ನೋಡುತ್ತಾರೆ. ಉಳಿಯದಿದ್ದರೆ ನಾನು ಮತ್ತೆ ಕಪ್ಪುಹಲಗೆಯ ಮುಂದೆ. ಕೈಯಾರೆ ಅಳೆಯಲು ಬಂದವರನ್ನು ಯಾರೂ ಮೋಸ ಮಾಡಲಾರರು ಎಂದು ನಾನು ಆಗ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ಹತ್ತು ವರ್ಷ ಮೇಡಂ ಆಗಿ ನಾನು ಕಂಡುಕೊಂಡಿದ್ದ ಒಂದೇ ಸತ್ಯ ಅದು, ಆ ಸತ್ಯಕ್ಕೆ ಒಂದು ಕೋಣೆ ಬೇಕಿತ್ತು.

ಕೋಣೆ ತುಂಬಿಸಲು ಹೊರಟವಳು ಅಕ್ಷರಶಃ ಭಿಕ್ಷೆ ಎತ್ತಿದೆ. ಕೆ.ಆರ್. ಪೇಟೆ ಕಡೆಯ ಆಲೆಮನೆಯೊಂದರಿಂದ ಹಳೇ ಬೆಲ್ಲದ ಅಚ್ಚುಗಳು ಬಂದವು. ಎತ್ತರದ್ದು, ಗಿಡ್ಡದ್ದು, ಚೌಕದ್ದು, ದುಂಡಗಿನದ್ದು; ಯಾವುದರಲ್ಲಿ ಜಾಸ್ತಿ ಹಿಡಿಯುತ್ತೆ ಎಂದು ಮಕ್ಕಳು ಮೊದಲು ಪಂದ್ಯ ಕಟ್ಟಿ ಆಮೇಲೆ ಮರಳು ತುಂಬಿ ನೋಡಬೇಕು. ಮೇಲುಕೋಟೆಯಲ್ಲಿ ಮಗ್ಗ ನಿಲ್ಲಿಸಿದ್ದ ಮನೆಯವರು ಒಂದು ಚಿಕ್ಕ ಚೌಕಟ್ಟು, ಎರಡು ಬಣ್ಣದ ನೂಲು ಕೊಟ್ಟರು. ಎರಡೆಳೆಗೊಂದು ಕೆಂಪು, ಮೂರೆಳೆಗೊಂದು ಹಳದಿ ಹಾಕುತ್ತ ಹೋದರೆ ಎರಡೂ ಬಣ್ಣ ಒಂದೇ ಎಳೆಯ ಮೇಲೆ ಯಾವಾಗ ಬಂದು ಕೂರುತ್ತವೆ ಎಂದು ಕಣ್ಣಿಗೇ ಕಾಣುತ್ತಿತ್ತು. ಲಘುತ್ತಮ ಸಾಮಾನ್ಯ ಅಪವರ್ತ್ಯ ಎಂಬ ಶಬ್ದವನ್ನು ನಾನು ಬೇಕೆಂದೇ ಎಲ್ಲೂ ಬರೆಯಲಿಲ್ಲ. ಹೊಳೆ ದಂಡೆಯ ಕೊಠಡಿಯಲ್ಲಿ ತಂತಿಯ ಚೌಕವನ್ನು ನೇತುಹಾಕಿ, ಅದರ ಮೂಲಕ ಬಂಡೆ ಮೇಲಿನ ಹಕ್ಕಿಗಳನ್ನು ಒಂದು ಚೌಕದಷ್ಟು ಎಣಿಸಿ ಇಡೀ ಬಂಡೆಯ ಹಕ್ಕಿಗಳನ್ನು ಅಂದಾಜು ಮಾಡುವ ಆಟ. ನೆರಳಿನಿಂದ ಮತ್ತಿಮರದ ಎತ್ತರ ಹಿಡಿಯುವುದು ಇನ್ನೊಂದು. ಎಣಿಸುವಷ್ಟರಲ್ಲಿ ಹಕ್ಕಿ ಹಾರಿಹೋದವು ಎಂದು ಅಳುತ್ತ ಬಂದವರೂ ಇದ್ದರು. ಹಾರಿಹೋದವನ್ನು ಕಳೆಯಿರಿ ಎನ್ನುತ್ತಿದ್ದೆ.

ಇಷ್ಟಿದ್ದರೂ ಕೋಣೆಯ ನಡುವಿನ ಮೇಜು ಖಾಲಿ ಇತ್ತು. ಅಲ್ಲಿ ಅಳತೆ ಇರಬೇಕು. ಸೇರು, ಅಚ್ಚೇರು, ಪಾವು, ಚಟಾಕು. ಲೀಟರು ಬಂದು ಎಷ್ಟೋ ಕಾಲವಾಗಿದ್ದರೂ ನಮ್ಮ ಕಡೆ ಹಳ್ಳಿಗಳಲ್ಲಿ ರಾಗಿಗೆ ಆಗಲೂ ಸೇರೇ ದೇವರು.

ನನ್ನ ತವರು ನಾಗಮಂಗಲ ತಾಲ್ಲೂಕಿನಲ್ಲಿ, ದೇವಲಾಪುರದ ಹತ್ತಿರ. ಹೊಲ, ಮನೆ ಎಲ್ಲ ಅಣ್ಣನ ಕೈಯಲ್ಲಿ. ಅಪ್ಪ ತೀರಿಕೊಂಡ ಮೇಲೆ ಊರಿನಲ್ಲಿ ಅವನೇ ಯಜಮಾನ, ಜೊತೆಗೆ ಹಾಲಿನ ಡೈರಿಯ ಡೈರೆಕ್ಟರು. ನಮ್ಮ ಮನೆಯಲ್ಲಿ ಜೋಡಿ ಸೇರುಗಳಿದ್ದವು, ಅಗಲ ಬಾಯಿಯ ಕಬ್ಬಿಣದವು, ಬಾಯಿಗೆ ಹಿತ್ತಾಳೆ ಪಟ್ಟಿ. ಒಂದು ಬಳಕೆಯಲ್ಲಿತ್ತು, ಇನ್ನೊಂದು ಅಟ್ಟದಲ್ಲಿ. ಅಟ್ಟದಲ್ಲಿರುವುದನ್ನು ಕೊಡಣ್ಣಾ ಎಂದೆ. ಕೊಡುವನೋ ಇಲ್ಲವೋ ಎಂಬ ಅನುಮಾನವಿತ್ತು. ಅವನೋ ಉಬ್ಬಿಹೋದ. ತಾನೇ ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗಿಸಿ, ಪಾವು ಚಟಾಕುಗಳನ್ನೂ ಹುಡುಕಿ, ಹೊಸ ಟವೆಲ್ಲಿನಲ್ಲಿ ಸುತ್ತಿ ಕೊಟ್ಟ. "ನಮ್ಮನೆ ಸೇರು ಪಟ್ಟಣದ್ ಮ್ಯೂಸಿಯಮ್ಮಿನಾಗೆ ಕೂತದೆ ಕಣ್ಲಾ" ಎಂದು ಡೈರಿಯ ಮುಂದೆ ಹಾಲು ಹಾಕಲು ಬಂದವರಿಗೆಲ್ಲ ಹೇಳಿದನಂತೆ.

ಸೇರಿನ ಜೊತೆಗೆ ನಾನು ತಂದದ್ದು ಒಂದು ಮಾತು. ಕಣದಲ್ಲಿ ರಾಶಿ ಅಳೆಯುವಾಗ ಮೊದಲನೆಯದನ್ನು ಯಾರೂ ಒಂದು ಎನ್ನುವುದಿಲ್ಲ. ಲಾಭ ಎನ್ನುತ್ತಾರೆ. ಲಾಭ, ಎರಡು, ಮೂರು. ಒಂದು ಎಂದರೆ ಒಂಟಿ, ಲಾಭ ಎಂದರೆ ಶುಭ. ಆದರೆ ನಾನು ಅಳೆಯುವುದನ್ನು ಹತ್ತಿರದಿಂದ ಒಂದು ದಿನವೂ ನೋಡಿದವಳಲ್ಲ. ಮನೆಯ ಹೆಣ್ಣುಮಕ್ಕಳು ಅಳೆಯುವ ಹೊತ್ತಿಗೆ ಕಣಕ್ಕೆ ಹೋಗುವ ಹಾಗಿರಲಿಲ್ಲ. ಹಿತ್ತಿಲ ಬೇಲಿಯ ಈಚೆ ನಿಂತರೆ ಅಪ್ಪನ ದನಿ ಕೇಳುತ್ತಿತ್ತು, ಲಾಭಾ ಎಂದು ಎಳೆದು, ಎರಡೂ ಎಂದು ಎಳೆದು. ಆ ದನಿ ಕೇಳಿದರೆ ಮನೆ ತುಂಬಿತು ಎಂದು ನನಗೆ ಮೈ ಜುಮ್ಮೆನ್ನುತ್ತಿತ್ತು. ಅದನ್ನೇ ನೆನೆದು, ನಮ್ಮ ಹಿರಿಯರು ಒಂದು ಎನ್ನುವ ಬದಲು ಲಾಭ ಎನ್ನುತ್ತಿದ್ದರು ಎಂದು ರಟ್ಟಿನ ಮೇಲೆ ಚೆಂದವಾಗಿ ಬರೆದು ಮೇಜಿನ ಹಿಂದೆ ತಗುಲಿಸಿದೆ. ಕಾರ್ಯದರ್ಶಿಗಳು ಅದನ್ನು ಓದಿ, ಇದು ನೋಡಿ ಸಂಸ್ಕೃತಿ ಅಂದ್ರೆ, ಎಂದು ತಲೆದೂಗಿದರು.

ಕೋಣೆ ಚೆನ್ನಾಗಿಯೇ ನಡೆಯಿತು. ಅದನ್ನು ಹೇಳದಿದ್ದರೆ ಸುಳ್ಳಾಗುತ್ತದೆ. ಮಕ್ಕಳು ಬಸ್ಸು ಹೊರಡುತ್ತೆ ಎಂದು ಕೂಗಿದರೂ ಹೊರಗೆ ಬರುತ್ತಿರಲಿಲ್ಲ. ಕಾನ್ವೆಂಟಿನ ಮಕ್ಕಳಿಗೆ ಸೇರು ಗೊತ್ತಿರಲಿಲ್ಲ, ಹಳ್ಳಿ ಮಕ್ಕಳಿಗೆ ಸೇರು ಲೆಕ್ಕವೆಂದು ಗೊತ್ತಿರಲಿಲ್ಲ. ಗೋಪುರ ಬರುವಂತೆ ತುಂಬಬಾರದು, ಗೋಪುರ ಒಂದೊಂದು ಸಲ ಒಂದೊಂದು ಥರ. ಬಾಯಿಮಟ್ಟಕ್ಕೆ ಕೋಲೆಳೆದು ಅಳೆದರೇ ಅಳತೆ ಎಂದು ನಾನು ಎಲ್ಲರಿಗೂ ಒಂದು ನುಣ್ಣನೆಯ ಬಿದಿರು ಕೋಲು ಕೊಟ್ಟು ಹೇಳುತ್ತಿದ್ದೆ. ಕಾರ್ಯದರ್ಶಿಗಳೂ ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಿದ್ದರು. ಕಾಯಂ ಆಗುತ್ತೆ ಬಿಡಿ ಮೇಡಂ ಎಂದೂ ಒಂದು ದಿನ ಅಂದರು.

ಸಂಕ್ರಾಂತಿ ಕಳೆದು ಊರಕಡೆ ಒಕ್ಕಣೆ ಜೋರಾಗಿದ್ದಾಗ ದೇವಲಾಪುರ ಕಡೆಯ ಒಂದು ಶಾಲೆಯ ಮಕ್ಕಳು ಬಂದರು. ಐದು ಸೇರು ರಾಗಿ ಅಳೆದು ಈಚೆ ಮೊರಕ್ಕೆ ಹಾಕಿ ಎಂದೆ. ಒಬ್ಬ ಹುಡುಗ ಗೋಡೆಯ ರಟ್ಟು ಓದಿ, ಲಾಭ ಎರಡು ಎಂದು ನಾಟಕದ ದನಿಯಲ್ಲಿ ಕೂಗುತ್ತ ಐದು ಸೇರು ಸುರಿದ. ಎಲ್ಲರೂ ನಕ್ಕರು. ಆಮೇಲೆ ಒಂದು ತೆಳ್ಳನೆಯ ಹುಡುಗಿ ಬಂದಳು. ಏಳನೇ ಕ್ಲಾಸು ಇರಬೇಕು. ಸೇರನ್ನು ಎರಡೂ ಕೈಯಲ್ಲಿ ತೆಗೆದುಕೊಳ್ಳುವ ಮೊದಲು ನನ್ನ ಮುಖ ನೋಡಿ, "ಮುಟ್ಬೋದಾ ಮಿಸ್ಸು?" ಎಂದಳು. ಮುಟ್ಟಲಿಕ್ಕೇ ಇಟ್ಟಿರೋದು ಎಂದೆ. ಕಣ್ಣಿಗೊತ್ತಿಕೊಂಡು ರಾಗಿಯೊಳಗೆ ಅದ್ದಿ, ಗೋಪುರ ಬರುವಂತೆ ತುಂಬಿ, ಲಾಭ ಎಂದಳು. ಹೇಳಿ, ಆ ಸೇರನ್ನು ಮತ್ತೆ ರಾಶಿಯ ಮೇಲೇ ಸುರಿದಳು. ಆಮೇಲೆ ಎರಡು ಎಂದು ಮೊರಕ್ಕೆ ಹಾಕಿದಳು. ಮೂರು. ನಾಲ್ಕು. ಐದು. ಸೇರು ಕೆಳಗಿಟ್ಟು ಕೈ ಒರೆಸಿಕೊಂಡಳು.

ಮಕ್ಕಳು ಹೋ ಎಂದವು. ಜೊತೆಗೆ ಬಂದಿದ್ದ ಮೇಷ್ಟರು, "ಲೆಕ್ಕದಲ್ಲಿ ಇವಳು ಯಾವತ್ತೂ ಇಷ್ಟೇ ಮೇಡಂ" ಎಂದು ನಗುತ್ತ ನನ್ನ ಕಡೆ ತಿರುಗಿದರು.

ನಾನೂ ನಗುತ್ತಲೇ ಕೇಳಿದೆ. "ಮೊದಲನೇದು ಎಲ್ಲಿ ಹೋಯ್ತು ಮಗ?"

"ಅದು ರಾಶಿಗೆ ಮಿಸ್ಸು."

"ಯಾರು ಹೇಳಿಕೊಟ್ಟಿದ್ದು ಹಂಗೆ?"

"ಯಾರೂ ಏಳ್ಕೊಡ್ನಿಲ್ಲ. ನಮ್ಮವ್ವಂಗೆ ಕೂಲಿ ರಾಗಿ ಅಂಗೇ ಅಳೆಯೋದು. ಲಾಭ ರಾಶಿಗೆ, ಎರಡ್ರಿಂದ ನಮ್ಗೆ."

ಯಾರ ಕಣದಲ್ಲಿ ಎಂದೆ. ಅವಳು ಊರಿನ ಹೆಸರು ಹೇಳಿದಳು, ಆಮೇಲೆ ಮನೆಯ ಹೆಸರು ಹೇಳಿದಳು. ನಮ್ಮ ಮನೆ. ಈ ಹುಡುಗಿ ನಮ್ಮೂರ ಕೇರಿಯವಳು. ನಮ್ಮ ಹೊಲದಲ್ಲಿ ಕೊಯ್ದು ನಮ್ಮ ಕಣದಲ್ಲಿ ಒಕ್ಕುವವಳ ಮಗಳು. ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ, ನನಗೂ ಅವಳು ಗೊತ್ತಿರಲಿಲ್ಲ.

ಬೇಲಿಯ ಈಚೆ ನಿಂತು ನಾನು ಕೇಳಿಸಿಕೊಳ್ಳುತ್ತಿದ್ದ ಅಪ್ಪನ ದನಿ ಇದ್ದಕ್ಕಿದ್ದಂತೆ ಬೇರೆಯಾಗಿ ಕೇಳಿಸಿತು. ನಮ್ಮ ಕಡೆ ಒಕ್ಕಣೆಗೆ ಬಂದವರಿಗೆ ಆಗಲೂ ದುಡ್ಡಲ್ಲ, ರಾಗಿಯೇ. ಆಳಿಗೆ ಐದು ಸೇರು ಎಂದು ಮಾತು. ಐದು ಎಂದು ಬಾಯಿ ಹೇಳುತ್ತಿತ್ತು, ನಾಲ್ಕು ಸೆರಗಿಗೆ ಬೀಳುತ್ತಿತ್ತು. ಯಾರಿಗೂ ತಪ್ಪೆನಿಸದ ಹಾಗೆ ಒಂದು ಮಂಗಳದ ಮಾತು ನಡುವೆ ನಿಂತಿತ್ತು. ಅದನ್ನು ನಾನು ಸಂಸ್ಕೃತಿ ಎಂದು ರಟ್ಟಿಗೆ ಬರೆದು ತಗುಲಿಸಿದ್ದೆ.

ನಾನು ಟೀಚರು. ಟೀಚರು ಏನು ಮಾಡಬೇಕೋ ಅದನ್ನು ಮಾಡಿದೆ. ಗೋಪುರ ಬೇಡ, ಕೋಲೆಳೆದು ಅಳೆಯೋಣ ಎಂದು ಅವಳ ಕೈಗೆ ಬಿದಿರು ಕೋಲು ಕೊಟ್ಟೆ. ಲಾಭವನ್ನು ಬಿಟ್ಟು ಒಂದು ಗುಡ್ಡೆ, ಲಾಭವನ್ನು ಸೇರಿಸಿ ಒಂದು ಗುಡ್ಡೆ. ಎರಡನ್ನೂ ಅವಳೇ ಅಳೆದಳು. ಈಗ ಇದರಲ್ಲಿ ಜಾಸ್ತಿ ಇರುವಷ್ಟನ್ನು ತೆಗೆದು ಬೇರೆ ಹಾಕು ಎಂದೆ. ತೆಗೆದು ಹಾಕಿದಳು. ಸೇರಿನ ಬಾಯಿಮಟ್ಟಕ್ಕೆ ಸರಿಯಾಗಿ ನಿಂತಿತು. ಅವಳು ಆ ಸೇರನ್ನು ಬಹಳ ಹೊತ್ತು ನೋಡಿದಳು.

"ಇದು ನಮ್ಮವ್ವಂದಾ ಮಿಸ್ಸು?"

"ಹೌದು" ಎಂದೆ.

ಆ ಒಂದು ಮಾತಿಗೆ ನಾನು ಇವತ್ತಿಗೂ ಪಶ್ಚಾತ್ತಾಪ ಪಟ್ಟಿಲ್ಲ. ಕೋಪ ಬರುವುದು ಆಮೇಲಿನದನ್ನು ನೆನೆದು.

ಅದರ ಮುಂದಿನ ಭಾನುವಾರ ಅಣ್ಣ ಬಂದ. ಮ್ಯೂಸಿಯಂ ತುಂಬ ಜನ. ಹೆಗಲ ಮೇಲೆ ಟವೆಲ್ಲು, ಕಣ್ಣು ಕೆಂಪಗೆ. ಮೇಜಿನ ಸುತ್ತ ಇದ್ದ ಮಕ್ಕಳನ್ನು ಸರಿಸಿ ಸೇರನ್ನು ಎತ್ತಿಕೊಂಡು, ಒಳಗಿದ್ದ ರಾಗಿಯನ್ನು ನೆಲಕ್ಕೆ ಸುರಿದ.

"ಏನ್ ಏಳ್ಕೊಟ್ಟೆ ಕಣಮ್ಮಿ ಆ ಮಗೀಗೆ?"

"ಲೆಕ್ಕ."

"ಯಾವ ಲೆಕ್ಕ? ನಮ್ಮನೆ ಕಣದ್ ಲೆಕ್ಕವ? ಅವ್ಳವ್ವ ಸೆರಗೊಡ್ಡನಿಲ್ಲ ಕಣಮ್ಮಿ. ನಮ್ ಮಗ ಲೆಕ್ಕ ಕಲ್ತು ಬಂದವ್ಳೆ, ಲಾಭಾನೂ ಸೇರ್ಸಿ ಅಳೀರಿ ಅಂತ ನಿಂತ್ಕಬುಟ್ಲು. ಅವ್ಳ ಇಂದೆ ಮಿಕ್ಕೋರೂ ನಿಂತ್ಕಂಡ್ರು. ಊರೋರ ಮುಂದೆ ನಮ್ಮಪ್ಪನ್ನ ಕಳ್ಳ ಅನ್ನಿಸ್ಬುಟ್ಟೆಲ್ಲಾ."

"ಅಪ್ಪನೂ ಹಂಗೇ ಅಳೀತಿದ್ನಾ ಅಣ್ಣಾ?"

"ಅಪ್ಪನೂ ಅಂಗೇ, ತಾತನೂ ಅಂಗೇ. ಲಾಭ ರಾಶೀದು. ಮೈಸೂರ್ ಆಸ್ಟ್ಲಿನಾಗೆ ಕೂತ್ಕಂಡು ಓದ್ದ್ಯಲ್ಲ, ಅದ್ಯಾವ ರಾಗಿ ಅಂತ ತಿಳ್ಕಂಡಿದ್ದೆ? ಉಂಡ ಮನೆಗೆ ಎರಡು ಬಗೆಯೋದು ಅಂದ್ರೆ ಇದೇಯ."

ಮಾತು ಎದೆಗೆ ನಾಟಿತು. ನಾಟಿದ್ದಕ್ಕೇ ಇನ್ನಷ್ಟು ಸಿಟ್ಟು ಬಂತು. ಐದು ಅಂತ ಮಾತಾಡಿ ನಾಲ್ಕು ಕೊಟ್ಟರೆ ಅದಕ್ಕೆ ಏನಂತಾರೆ ನೀನೇ ಹೇಳು ಎಂದೆ. ಅವನು ಸೇರನ್ನು ನನ್ನ ಮುಖದ ಹತ್ತಿರ ಹಿಡಿದ.

"ನಾಕೇ ಆದ್ರೂ ಗೋಪ್ರ ಕಟ್ಟಿ ಕೊಡ್ತಿದ್ದೆ ಕಣೆ. ಚೆಲ್ಲೋವಂಗೆ ಕೊಡ್ತಿದ್ದೆ. ಬಾಯಿಂದ ಮ್ಯಾಲೆ ನಿಂತಿರ್ತಿತ್ತಲ್ಲ, ಅದ ಯಾವ ಲೆಕ್ಕಕ್ಕೆ ಹಾಕ್ದೆ ನೀನು?"

"ಗೋಪುರ ಲೆಕ್ಕ ಅಲ್ಲ ಅಣ್ಣಾ. ಅದು ನಿನ್ನ ಕೈ, ನಿನ್ನ ಮನಸ್ಸು. ಇವತ್ತು ಬಂತು, ನಾಳೆ ಬರದೆ ಹೋಯ್ತು. ಬಾಯಿಮಟ್ಟಕ್ಕೆ ಕೋಲೆಳೆದು ಅಳೆದರೇ ಅಳತೆ. ಐದು ಅಂದ್ರೆ ಐದು."

ಅವನು ನನ್ನನ್ನೇ ದಿಟ್ಟಿಸಿದ. ಮೇಜಿನ ಮೇಲಿದ್ದ ಬಿದಿರು ಕೋಲನ್ನು ತೆಗೆದು ತಿರುಗಿಸಿ ನೋಡಿ, ಮತ್ತೆ ಅಲ್ಲೇ ಇಟ್ಟ.

"ಆಯ್ತು ಬುಡು. ಐದು ಅಂದ್ರೆ ಐದು."

ಗೆದ್ದೆ ಎಂದುಕೊಂಡೆ. ಅಷ್ಟು ಜನರ ನಡುವೆ ಒಳಗೆ ಒಂದು ಹೆಮ್ಮೆ ಎದ್ದಿತ್ತು. ಅಣ್ಣ ಸೇರು, ಪಾವು, ಚಟಾಕು ಎಲ್ಲವನ್ನೂ ಟವೆ‍ಲ್ಲಿನಲ್ಲಿ ಕಟ್ಟಿಕೊಂಡು, ನೇರ ಬಸ್‌ಸ್ಟ್ಯಾಂಡಿಗೆ ಹೋಗದೆ ಕಾರ್ಯದರ್ಶಿಗಳ ಕೋಣೆಗೆ ಹೋದ. ಒಳಗೆ ಏನು ಮಾತಾಯಿತೋ ನಾನು ಕೇಳಿಸಿಕೊಳ್ಳಲಿಲ್ಲ. ಸಂಜೆ ನೆಲದ ಮೇಲಿನ ರಾಗಿ ಗುಡಿಸುತ್ತಿದ್ದಾಗ ಅವರು ಬಂದು ಬಾಗಿಲಲ್ಲಿ ನಿಂತರು.

"ಮೇಡಂ, ಲೆಕ್ಕ ಅಂದ್ರೆ ಯಾರಿಗೂ ನೋವಾಗದ ವಿಷಯ ಅಂದ್ಕೊಂಡಿದ್ದೆ ನಾನು."

"ತಪ್ಪು ಲೆಕ್ಕದಿಂದ ಇಷ್ಟು ವರ್ಷ ನೋವಾಗಿಲ್ವಾ ಸಾರ್?"

"ನೋಡಿ, ಆ ಭಾಗದ ಹತ್ತಾರು ಶಾಲೆಗಳಿಗೆ ಅವರಂಥವರೇ ದೊಡ್ಡವರು. ನಾಳೆ ಯಾರೂ ಮಕ್ಕಳನ್ನ ಕಳಿಸಲ್ಲ. ನೀವು ಹಕ್ಕಿ ಎಣಿಸಿ, ಮರ ಅಳೀರಿ, ನೂಲು ಹಾಕಿಸಿ. ನಾನು ಬೇಡ ಅಂದೆನಾ? ಈ ಸೇರಿನ ಮೇಜೊಂದು ತೆಗೆದುಬಿಡಿ, ಮೀಟಿಂಗಿನಲ್ಲಿ ಕೋಣೆ ಉಳಿಸೋ ಜವಾಬ್ದಾರಿ ನಂದು."

ಒಳ್ಳೆಯ ಮನುಷ್ಯ. ನಿಜವಾಗಿಯೂ ಉಳಿಸುತ್ತಿದ್ದರು. ನಾನು ಮೇಜು ತೆಗೆಯಲಿಲ್ಲ. ಪಟ್ಟಣದ ಪಾತ್ರೆ ಅಂಗಡಿಯಿಂದ ಒಂದು ಸಾಧಾರಣ ಸೇರು ತಂದು ಅಲ್ಲೇ ಇಟ್ಟೆ. ಗೋಡೆಯ ರಟ್ಟು ಕಿತ್ತು, ಲಾಭ ಎಂದರೆ ಒಂದು, ಅದೂ ಎಣಿಕೆಯಲ್ಲಿ ಸೇರಬೇಕು ಎಂದು ಬರೆದು ಹೊಸದು ತಗುಲಿಸಿದೆ. ಹಟ ಎನ್ನಿ. ಹಕ್ಕಿ ಎಣಿಸಲು ಬಿಟ್ಟು ಕೂಲಿ ಎಣಿಸಲು ಬಿಡದ ಕೋಣೆ ಇದ್ದರೆಷ್ಟು ಬಿಟ್ಟರೆಷ್ಟು ಎಂದು ನನ್ನ ವಾದ. ಆದರೆ ಕಾರ್ಯದರ್ಶಿಗಳು ಹೇಳಿದ್ದು ಸುಳ್ಳಾಗಲಿಲ್ಲ. ಆ ತಿಂಗಳು ನಾಗಮಂಗಲ ಕಡೆಯ ಬಸ್ಸುಗಳು ಹೊಳೆ ದಂಡೆಗೆ ಬಂದವು, ಕೋಟೆಗೆ ಬರಲಿಲ್ಲ.

ಮೀಟಿಂಗಿಗೆ ನನ್ನನ್ನು ಕರೆಯಲಿಲ್ಲ. ಮುಂದುವರಿಸುವ ಅಗತ್ಯ ಕಂಡುಬಂದಿಲ್ಲ ಎಂದು ಆಮೇಲೆ ತಿಳಿಸಿದರು. ಬೇಸಿಗೆಯಲ್ಲಿ ನನ್ನ ಸಾಮಾನು ತೆಗೆದುಕೊಂಡು ಹೋಗಲು ಹೋದಾಗ ಕೋಣೆಗೆ ಹೊಸ ಸುಣ್ಣ ಬಳಿದಿತ್ತು, ಪ್ರವಾಸಿಗರಿಗೆ ಗಂಧದ ಆನೆ, ಕೀಚೈನು ಮಾರುವ ಅಂಗಡಿ ಇಡಲು ಕೊಟ್ಟಿದ್ದರು. ಬೆಲ್ಲದ ಅಚ್ಚುಗಳು ಹಿತ್ತಿಲಲ್ಲಿ ನೆನೆದು ಬಿರುಕು ಬಿಟ್ಟಿದ್ದವು. ಮಗ್ಗದ ಚೌಕಟ್ಟಿಗೆ ಯಾರೋ ಒದ್ದೆ ಬಟ್ಟೆ ಒಣಹಾಕಿದ್ದರು. ಅದನ್ನು ನೋಡಿ ನಾನು ಅಳಲಿಲ್ಲ, ಬೈದೆ. ಯಾರನ್ನೆಂದು ಗೊತ್ತಿಲ್ಲದೆ ಆಟೋದಲ್ಲಿ ಕೂತು ದಾರಿಯುದ್ದಕ್ಕೂ ಬೈದೆ. ಆಟೋದ ಸಾಬರು, "ಜಾನೆ ದೋ ಅಮ್ಮಾ, ಬುಡಿ ಅತ್ಲಾಗೆ" ಎಂದು ಸಮಾಧಾನ ಹೇಳಿದರು.

ಮತ್ತೆ ಕಪ್ಪುಹಲಗೆ, ಮತ್ತೆ ಘನಫಲ. ಸ್ಟಾಫ್ ರೂಮಿನವರು ಏನೂ ಕೇಳಲಿಲ್ಲ, ಕೇಳದೇ ಇರುವುದರಲ್ಲಿಯೂ ಒಂದು ಸುಖ ಅನುಭವಿಸಿದರು. ಆ ವರ್ಷವೆಲ್ಲ ನನ್ನನ್ನು ಕುಸಿಯದಂತೆ ನಿಲ್ಲಿಸಿದ್ದು ಒಂದೇ ಸುದ್ದಿ. ನಾಗಮಂಗಲದ ಒಂದು ಮದುವೆಯಲ್ಲಿ ಅತ್ತಿಗೆ ಸಿಕ್ಕಿ ಕಿವಿಯಲ್ಲಿ ಹೇಳಿದಳು. "ನಿಮ್ಮಣ್ಣ ಈಗ ಐದೂ ಕೊಡ್ತಾರೆ ಕಣವ್ವ. ಒಂದು ಅಂತ್ಲೇ ಎಣಿಸ್ತಾರೆ." ಊಟದೆಲೆಯ ಮುಂದೆ ಕೂತವಳಿಗೆ ಅನ್ನ ಸೇರಲಿಲ್ಲ, ಅಷ್ಟು ಸಂತೋಷ. ಕೋಣೆ ಹೋದರೆ ಹೋಯಿತು, ಐದನೇ ಸೇರು ಬಂತಲ್ಲ. ಕೋಣೆ ಇದ್ದದ್ದೇ ಅದಕ್ಕೆ. ಮಕ್ಕಳ ಕೈಗೆ ಲೆಕ್ಕ ಸಿಕ್ಕರೆ ಕಣದವರೆಗೂ ಹೋಗುತ್ತೆ ಎಂದು ನಾನು ಹೇಳಿರಲಿಲ್ಲವೇ? ಯಾರಿಗೂ ಹೇಳದೆ ಈ ಮಾತನ್ನು ಎಷ್ಟು ಸಲ ನನಗೇ ಹೇಳಿಕೊಂಡೆನೋ.

ಮುಂದಿನ ಸಂಕ್ರಾಂತಿಗೆ ಅತ್ತಿಗೆ ಒತ್ತಾಯ ಮಾಡಿ ಕರೆಸಿಕೊಂಡಳು. ಅಣ್ಣ ಮಾತಾಡಿಸಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಹಬ್ಬ ಕಳೆದು ಒಕ್ಕಣೆ ಶುರುವಾಗಿತ್ತು. ಸಂಜೆ ಅಳೆಯುವ ಹೊತ್ತಿಗೆ ನಾನು ಬೇಲಿ ದಾಟಿ ಕಣಕ್ಕೇ ಹೋದೆ. ನೌಕರಿಯಲ್ಲಿರುವ ಹೆಂಗಸನ್ನು ತಡೆಯುವ ಧೈರ್ಯ ಯಾರಿಗೂ ಇರಲಿಲ್ಲ. ಅಣ್ಣ ನನ್ನನ್ನು ನೋಡಿ ದನಿ ಎತ್ತರಿಸಿದ.

"ಬಾರವ್ವಾ ಮೇಷ್ಟ್ರಮ್ಮ. ಕಣ್ಣಾರೆ ನೋಡ್ಕೊ."

ಅವನ ಕೈಯಲ್ಲಿದ್ದದ್ದು ಸೇರಲ್ಲ. ಬೆಳ್ಳೂರು ಕ್ರಾಸಿನ ಅಂಗಡಿಯಿಂದ ತಂದ ಅಲ್ಯೂಮಿನಿಯಂ ಲೀಟರು, ಸರ್ಕಾರದ ಮುದ್ರೆ ಇದ್ದದ್ದು, ಊರಿನಲ್ಲಿ ಸೇರಿಗೆ ಸಮವೆಂದೇ ನಡೆಯುತ್ತಿದ್ದದ್ದು. ಇನ್ನೊಂದು ಕೈಯಲ್ಲಿ ಒಂದು ಬಿದಿರು ಕೋಲು. ಆ ಹುಡುಗಿಯ ಅವ್ವ ಸೆರಗೊಡ್ಡಿ ನಿಂತಿದ್ದಳು. ಅಣ್ಣ ಲೀಟರನ್ನು ತುಂಬಿ, ಬಾಯಿಮಟ್ಟಕ್ಕೆ ಕೋಲೆಳೆದು, ಮೇಲಿನ ರಾಗಿಯನ್ನು ರಾಶಿಗೇ ಕೆಡವಿ, ಒಂದು ಎಂದ. ಎರಡು ಎಂದ. ಒಂದು ಕಾಳು ಹೆಚ್ಚಿಲ್ಲ, ಒಂದು ಕಾಳು ಕಮ್ಮಿಯಿಲ್ಲ. ಐದು ಎಂದು ನನ್ನ ಕಡೆ ನೋಡಿದ. "ಸರಿಯಾಗದಾ?" ಎಂದ. ಲೆಕ್ಕ ಸರಿಯಾಗಿಯೇ ಇತ್ತು. ಗಣಿತದ ಟೀಚರಾಗಿ ತಪ್ಪು ಹುಡುಕಲು ಅಲ್ಲಿ ಏನೂ ಇರಲಿಲ್ಲ.

ಅವಳು ಗಂಟು ಕಟ್ಟಿಕೊಂಡು ಕೇರಿಯ ದಾರಿ ಹಿಡಿದಾಗ ನಾನು ಹಿಂದೆಯೇ ಹೋದೆ. ಬೇಲಿ ತಿರುವಿನಲ್ಲಿ ನಿಲ್ಲಿಸಿ, ಮಗಳು ಚೆನ್ನಾಗಿದ್ದಾಳಾ, ಸ್ಕೂಲಿಗೆ ಹೋಗುತ್ತಾಳಾ ಎಂದು ಕೇಳಿದೆ. ಓಯ್ತಾಳೆ ಎಂದಳು. ಆಮೇಲೆ ಕೇಳಬಾರದ್ದನ್ನು ಕೇಳಿದೆ. ಈಗ ಐದು ಬರುತ್ತಲ್ಲವ್ವಾ?

ಅವಳು ಗಂಟನ್ನು ಸೊಂಟದಿಂದ ಇಳಿಸಿ ಕಾಲ ಬಳಿ ಇಟ್ಟಳು. ಸಿಟ್ಟಿನಿಂದೇನೂ ಮಾತಾಡಲಿಲ್ಲ.

"ಬತ್ತದೆ ಕಣವ್ವ. ಐದು ಬತ್ತದೆ. ಆಗ ಆ ಸೇರಿನಾಗೆ ಗೋಪ್ರ ಕಟ್ಟಿ ನಾಕು ಆಕೋರು, ಮನೇಗೋಗಿ ಸುರುದ್ರೆ ಮಡಿಕೆ ಬಾಯಿಗಂಟ ಬತ್ತಿತ್ತು. ಈಗ ಈ ಐದು ಸುರುದ್ರೆ ಕತ್ತಿಗೇ ನಿಂತೋಯ್ತದೆ. ಕೇಳಕ್ಕೋದ್ರೆ, ನಿನ್ ಮಗ್ಳು ಕಲ್ತ್ ಬಂದ ಲೆಕ್ಕವೇ ತಾನೆ ಅಂತಾರೆ."

ಗಂಟನ್ನು ಮತ್ತೆ ಸೊಂಟಕ್ಕೇರಿಸಿದಳು. ನಾಲ್ಕು ಹೆಜ್ಜೆ ಹೋದವಳು ನಿಂತು ತಿರುಗಿದಳು.

"ಮಗೀಗೆ ಇನ್ನೇನೂ ಏಳ್ಕೊಡ್ಬ್ಯಾಡಿ ಕಣವ್ವ."